ಮರಗೆಲಸದ ಮಷಿನ್ ಎಲ್ಲರಿಗೂ 36 ಇಂಚು ಎತ್ತರವೇ ಇರಬೇಕೇ?

ಮರಗೆಲಸದ ಮಷಿನ್ ನೆಲದಿಂದ ಮೂರು ಅಡಿ, ಅಂದರೆ 36 ಇಂಚು ಎತ್ತರ ಇದ್ದರೆ ಸರಿ ಎಂಬ ಮಾತನ್ನು ನೀವೂ ಕೇಳಿರಬಹುದು. ಬೀದರ್, ಭಾಲ್ಕಿ, ಔರಾದ್ ಕಡೆಯ ಸಣ್ಣ ಅಂಗಡಿಗಳಲ್ಲಿ ಗರಗಸ, ರಂದಾ ಎರಡೂ ಇರುವ ಒಂದೇ ಮಷಿನ್ ಮೇಲೆ ಅಪ್ಪ, ಮಗ, ಕೂಲಿಗೆ ಬಂದವರು ಎಲ್ಲರೂ ಕೆಲಸ ಮಾಡುವುದುಂಟು. ಎಲ್ಲರಿಗೂ ಒಂದೇ ಅಳತೆ ಹೊಂದುತ್ತದೆಯೇ?

ಇಲ್ಲ. ಅಳತೆ ಮೊಣಕೈಯಿಂದ ಶುರುವಾಗಬೇಕು.

ಬೀದರ್ ಕೋಟೆಯ ರಂಗೀನ್ ಮಹಲಿನ ಮರದ ಕಂಬಗಳನ್ನು ಕೆತ್ತಿದವರಿಗೆ ಈ ಚಿಂತೆ ಇರಲಿಲ್ಲ. ಉಳಿ ಕೈಯಲ್ಲಿರುತ್ತದೆ, ಮೈ ತಿರುಗಿದ ಹಾಗೆ ಅದೂ ತಿರುಗುತ್ತದೆ. ಮಷಿನ್ ಅಲುಗುವುದಿಲ್ಲ, ಬಗ್ಗಬೇಕಾದವರು ನಾವೇ.

ಅಳೆಯುವುದು ಹೇಗೆ?

ದಿನಾ ಹಾಕುವ ಚಪ್ಪಲಿ ಅಥವಾ ಬೂಟು ಹಾಕಿಕೊಂಡೇ ನೆಟ್ಟಗೆ ನಿಲ್ಲಿ. ಮೊಣಕೈ ಮಡಚಿ, ನೆಲದಿಂದ ಅಲ್ಲಿಯವರೆಗೆ ಇನ್ನೊಬ್ಬರಿಂದ ಟೇಪು ಹಿಡಿಸಿ. ಹಲಗೆ ತಳ್ಳುವ ಕೆಲಸಕ್ಕೆ ಮಷಿನ್ ಮೇಜು ಇದಕ್ಕಿಂತ ಸುಮಾರು 10ರಿಂದ 15 ಸೆಂ.ಮೀ. ಕೆಳಗಿದ್ದರೆ ಅನುಕೂಲ. ಭಾರದ ತೊಲೆಗಳನ್ನೇ ಒತ್ತಿ ತಳ್ಳುವವರಿಗೆ ಇನ್ನೂ ಸ್ವಲ್ಪ ಕೆಳಗಿರಬಹುದು. ಮೊಣಕೈ 105 ಸೆಂ.ಮೀ.ನಲ್ಲಿದ್ದವರಿಗೆ 36 ಇಂಚಿನ (ಸುಮಾರು 91 ಸೆಂ.ಮೀ.) ಮೇಜು ಸರಿಹೋಗುತ್ತದೆ. 95 ಸೆಂ.ಮೀ. ಇದ್ದವರಿಗೆ ಅದೇ ಮೇಜು ಎತ್ತರವಾಗುತ್ತದೆ: ಭುಜ ಮೇಲೇರುತ್ತದೆ, ಹಲಗೆಯ ಮೇಲೆ ಹಿಡಿತ ಸಡಿಲವಾಗುತ್ತದೆ. ತೀರಾ ತಗ್ಗಾದರೆ ಸೊಂಟ ನೋವಿನ ಜೊತೆಗೆ ಇನ್ನೊಂದು ಅಪಾಯವಿದೆ. ಮುಂದಕ್ಕೆ ಬಾಗಿ ಮೈಭಾರ ಹಾಕಿ ತಳ್ಳುವಾಗ ಹಲಗೆ ಜಾರಿದರೆ ಕೈ ನೇರ ಬ್ಲೇಡಿನತ್ತ ಹೋಗುತ್ತದೆ.

ತಗ್ಗಿದ್ದರೆ ಏನು ಮಾಡಬೇಕು? ಕಾಲ ಕೆಳಗೆ ಇಟ್ಟಿಗೆ, ಮರದ ಚೂರು ತುರುಕುವುದು ಬೇಡವೇ ಬೇಡ. ಮಷಿನ್ ನಡುಗುತ್ತಾ ನಡುಗುತ್ತಾ ಅವು ಜರುಗುತ್ತವೆ. ಮೇನ್ ಸ್ವಿಚ್ ಆಫ್ ಮಾಡಿ, ಕಾಂಕ್ರೀಟ್ ಕಟ್ಟೆ ಅಥವಾ ಕಬ್ಬಿಣದ ಫ್ರೇಮಿಗೆ ಬೋಲ್ಟ್ ಹಾಕಿ ಕೂರಿಸಬೇಕು. ಹಲವರು ಬಳಸುವ ಮಷಿನ್ ಆದರೆ ಎತ್ತರದವರಿಗೆ ಹೊಂದಿಸಿ, ಗಿಡ್ಡ ಇರುವವರಿಗೆ ನಿಲ್ಲಲು ಅಗಲವಾದ, ಜಾರದ ಮಣೆ ಹಾಕುವುದು ಸುಲಭ. ಹಲಗೆ ತಳ್ಳುತ್ತಾ ಇಡುವ ಹೆಜ್ಜೆಗಳೆಲ್ಲ ಮಣೆಯ ಮೇಲೆಯೇ ಬೀಳುವಷ್ಟು ಅದು ಉದ್ದವಿರಬೇಕು. ಸಣ್ಣ ಸ್ಟೂಲ್ ಆಗದು.

‘ಬ್ಲೇಡ್ ಎತ್ತರಿಸಿದಷ್ಟೂ ಒಳ್ಳೆಯದು’ ನಿಜವೇ?

ಅರ್ಧ ನಿಜ. ಎತ್ತರದ ಬ್ಲೇಡಿನ ಹಲ್ಲು ಹಲಗೆಯನ್ನು ಹೆಚ್ಚು ಕೆಳಕ್ಕೆ ಒತ್ತುತ್ತದೆ ಎಂಬುದು ಸರಿ. ಆದರೆ ಹೊರಗೆ ಕಾಣುವ ಬ್ಲೇಡ್ ಹೆಚ್ಚಿದಷ್ಟೂ ಬೆರಳಿಗೆ ತಗಲುವ ಜಾಗವೂ ಹೆಚ್ಚು. ಹಲ್ಲಿನ ತುದಿ ಹಲಗೆಯಿಂದ 3ರಿಂದ 6 ಮಿ.ಮೀ. ಮೇಲೆ ಬಂದರೆ ಸಾಮಾನ್ಯ ಕೆಲಸಕ್ಕೆ ಸಾಕು. ಹಲಗೆ ಹಿಂದಕ್ಕೆ ಚಿಮ್ಮುವುದನ್ನು ತಡೆಯಲು ಬ್ಲೇಡಿನ ಹಿಂದೆಯೇ ನಿಲ್ಲುವ ಲೋಹದ ಪಟ್ಟಿ ಇದೆ. ಮೇಲೆ ಗಾರ್ಡ್ ಇದೆ. ಅಡ್ಡ ಬರುತ್ತದೆ ಎಂದು ಮೊದಲು ಕಿತ್ತುಹಾಕುವುದು ಇವನ್ನೇ! ಕೊನೆಯ ಒಂದು ಗೇಣು ತಳ್ಳಲು ಕೈ ಬದಲು ಕಟ್ಟಿಗೆ ತುಂಡು ಬಳಸಿ.

ಅಪಾಯಕಾರಿ ಭಾಗಗಳಿಗೆ ತಡೆ ಇರಲೇಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಂ ಹೇಳಿತ್ತು. ವಿದ್ಯುತ್ ಬಳಸಿದರೂ ಹತ್ತು ಜನಕ್ಕಿಂತ ಕಡಿಮೆ ಇದ್ದ ಅಂಗಡಿ ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಊರಿನ ಬಹುತೇಕ ಬಡಿಗರ ಅಂಗಡಿಗಳು ಅಂಥವೇ. ಅಲ್ಲಿ ತಪಾಸಣೆಗೆಂದು ಯಾರೂ ಬರುವುದಿಲ್ಲ. ಟೇಪು ಮಾತ್ರ ಎಲ್ಲರ ಜೇಬಿನಲ್ಲೂ ಇರುತ್ತದೆ.