ಬಾಟಾನ ಹುಟ್ಟಿದ ದಿನ, ನಮ್ಮಜ್ಜನ ನೆನಪು

ಇವತ್ತು ಸೆಪ್ಟೆಂಬರ್ 17. ಬೆಳಿಗ್ಗೆಯಿಂದ ಫೇಸ್‌ಬುಕ್ ತುಂಬ ಪೆರಿಯಾರ್ ಫೋಟೋ. ನಮ್ಮ ಭಾಗದಲ್ಲಿ ಕಲ್ಯಾಣ ಕರ್ನಾಟಕ ಉತ್ಸವ ಬೇರೆ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ದಿನ ಅಂತ ಆಫೀಸಲ್ಲಿ ಧ್ವಜ ಹಾರಿಸಿ ಬಂದೆ. ಇಂಥ ದಿನ ನಾನೊಬ್ಬ ಬಂಡವಾಳಗಾರನನ್ನ ನೆನಪು ಮಾಡ್ಕೊಂಡ್ರೆ ಗೆಳೆಯರು ಬೈತೀರಿ ಅಂತ ಗೊತ್ತು. ಪೂರ್ತಿ ಓದಿ, ಆಮೇಲೆ ಬೈರಿ.

ಥಾಮಸ್ ಬಾಟಾ ಹುಟ್ಟಿದ್ದೂ ಇದೇ ಸೆಪ್ಟೆಂಬರ್ 17ಕ್ಕೆ, 1914ರಲ್ಲಿ, ಪ್ರಾಗ್ ನಗರದಲ್ಲಿ. ಹೌದು, ನಮ್ಮ ಕಾಲಲ್ಲಿರೋ ಬಾಟಾನೇ. ಅದು ನಮ್ಮ ದೇಶದ್ದೇ ಕಂಪನಿ ಅಂತ ಈಗಲೂ ಬಹಳ ಜನ ತಿಳ್ಕೊಂಡಿದಾರೆ. ಅದು ಜೆಕ್ ಜನರದ್ದು. ಇವನ ಅಪ್ಪ ಟೊಮಾಸ್ ಬಾಟಾ 1894ರಲ್ಲಿ ಜ್ಲಿನ್ ಅನ್ನೋ ಸಣ್ಣ ಊರಲ್ಲಿ ಅಣ್ಣ ಆಂಟೋನಿನ್, ಅಕ್ಕ ಆನ್ನಾ ಜೊತೆ ಸೇರಿ ಶುರು ಮಾಡಿದ್ದು. ತಲೆತಲಾಂತರದಿಂದ ಜೋಡು ಹೊಲಿಯೋ ಮನೆತನ. ಶುರುವಿನಲ್ಲೇ ಸಾಲದಲ್ಲಿ ಬಿದ್ದರು. ಚರ್ಮ ಕೊಳ್ಳೋಕೆ ದುಡ್ಡಿಲ್ಲದೆ ಬಟ್ಟೆಯಿಂದ ಶೂ ಹೊಲಿದರು. ಅದೇ ಅವರನ್ನ ಉಳಿಸಿತು. 1904ರಲ್ಲಿ ಟೊಮಾಸ್ ಅಮೆರಿಕಕ್ಕೆ ಹೋಗಿ ಅಲ್ಲಿನ ಶೂ ಕಾರ್ಖಾನೆಯಲ್ಲಿ ಸ್ವತಃ ಕೂಲಿ ಮಾಡಿ ಯಂತ್ರದ ಕೆಲಸ ಕಲಿತು ಬಂದ. ಮೊದಲ ಮಹಾಯುದ್ಧ ಮುಗಿದು ಜನರ ಕೈಯಲ್ಲಿ ಕಾಸಿಲ್ಲದಾಗ, 1922ರಲ್ಲಿ, ತನ್ನ ಶೂಗಳ ಬೆಲೆಯನ್ನ ಅರ್ಧಕ್ಕೆ ಇಳಿಸಿಬಿಟ್ಟ. ಮರುವರ್ಷ ಆ ಮೋಚಿಯ ಮಗ ಜ್ಲಿನ್ ಊರಿನ ಮೇಯರ್ ಆದ.

ಈ ಒಂದು ವಾಕ್ಯದ ಮುಂದೆ ನಾನು ತುಂಬ ಹೊತ್ತು ಕೂತಿದ್ದೆ. ಅದೇ 1923ರಲ್ಲಿ ನಮ್ಮಲ್ಲಿ ಮೋಚಿಯ ಮಗ ಏನಾಗಬಹುದಿತ್ತು? ಮೋಚಿ ಆಗಬಹುದಿತ್ತು. ಅಲ್ಲೂ ಅದು ಬಡವರ ಕಸುಬೇ. ಆದರೆ ಅಲ್ಲಿ ಕಸುಬು ಕೈಗೆ ಅಂಟಿತ್ತು, ತೊಳೆದರೆ ಹೋಗ್ತಿತ್ತು. ನಮ್ಮಲ್ಲಿ ಹುಟ್ಟಿಗೇ ಅಂಟಿಸಿದ್ದರು.

ಟೊಮಾಸ್ ಕಾರ್ಮಿಕರಿಗೆ ಹಿತ್ತಲು ಇರೋ ಇಟ್ಟಿಗೆ ಮನೆ ಕಟ್ಟಿಸಿದ, ಆಸ್ಪತ್ರೆ ಕಟ್ಟಿಸಿದ, ಹುಡುಗರಿಗೆ ಕೆಲಸ ಕಲಿಸೋ ಶಾಲೆ ಮಾಡಿದ, ಲಾಭದಲ್ಲಿ ಪಾಲು ಕೊಟ್ಟ. ಹಾಗಂತ ದೇವರೇನಲ್ಲ. ಯೂನಿಯನ್ ಅಂದ್ರೆ ಅವನಿಗೆ ಆಗ್ತಿರಲಿಲ್ಲ. ಕಾರ್ಮಿಕರು ಮನೆಯಲ್ಲಿ ಹೇಗಿರ್ತಾರೆ ಅನ್ನೋದರ ಮೇಲೂ ಕಂಪನಿಯ ಕಣ್ಣಿರ್ತಿತ್ತು. ಮನೆ ಕೊಟ್ಟವನು ಮನೆಯೊಳಗೂ ಇಣುಕ್ತಾನೆ, ಇದು ಕ್ವಾರ್ಟರ್ಸ್‌ನಲ್ಲಿ ಇದ್ದವರಿಗೆಲ್ಲ ಗೊತ್ತಿರೋದೇ. 1932ರ ಜುಲೈ 12ರಂದು ವಿಮಾನ ಬಿದ್ದು ಸತ್ತ. ಮಗ ಥಾಮಸ್‌ಗೆ ಆಗ ಹದಿನೇಳು. ಅಧಿಕಾರ ಚಿಕ್ಕಪ್ಪ ಯಾನ್ ಬಾಟಾನ ಕೈಗೆ ಹೋಯ್ತು. ಅವನ ಕಾಲದಲ್ಲೇ, 1934ರಲ್ಲಿ, ಕಲ್ಕತ್ತಾ ಹತ್ತಿರ ಹೂಗ್ಲಿ ದಂಡೆ ಮೇಲೆ ಬಾಟಾನಗರಕ್ಕೆ ಅಡಿಗಲ್ಲು ಬಿದ್ದದ್ದು.

1939ರಲ್ಲಿ ಹಿಟ್ಲರ್‌ನ ಸೈನ್ಯ ಆ ದೇಶ ನುಂಗಿದಾಗ ಈ ಹುಡುಗ ಕೆನಡಾ ಸೇರಿದ. ಜೊತೆಗೆ ಸುಮಾರು ನೂರು ಜನ ಜೆಕ್ ಕೆಲಸಗಾರರು. ಒಂಟಾರಿಯೋದಲ್ಲಿ ಬಾಟಾವಾ ಅಂತ ಊರನ್ನೇ ಕಟ್ಟಿದರು. ಯುದ್ಧ ಮುಗಿದ ಮೇಲೆ 1945ರಲ್ಲಿ ಜ್ಲಿನ್ ಕಾರ್ಖಾನೆಯನ್ನ ಸರ್ಕಾರ ವಹಿಸಿಕೊಂಡಿತು. ಊರಿನ ಹೆಸರೂ ಬದಲಾಗಿ ಗಾಟ್ವಾಲ್ಡೋವ್ ಆಯ್ತು. ಥಾಮಸ್ ಕೆನಡಾದಲ್ಲೇ ಕೂತು ಹತ್ತಾರು ದೇಶಕ್ಕೆ ಶೂ ಹೊಲಿಸಿದ. ಮತ್ತೆ ಆ ಊರಿಗೆ ಕಾಲಿಟ್ಟಿದ್ದು 1989ರ ಡಿಸೆಂಬರಲ್ಲಿ, ಐವತ್ತು ವರ್ಷದ ಮೇಲೆ. ಜನ ಜಾತ್ರೆ ಥರ ಸೇರಿದ್ದರಂತೆ. 2001ರಲ್ಲಿ ಅಲ್ಲಿ ಅವನ ಅಪ್ಪನ ಹೆಸರಲ್ಲಿ ವಿಶ್ವವಿದ್ಯಾಲಯ ಶುರುವಾಯ್ತು. ಕೆನಡಾದ ಟ್ರೆಂಟ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಬಾಟಾ ಹೆಸರಿದೆ. 2008ರಲ್ಲಿ ತೀರಿಕೊಂಡ.

ಮ್ಯಾನೇಜ್‌ಮೆಂಟ್ ಕ್ಲಾಸುಗಳಲ್ಲಿ, ಮೋಟಿವೇಶನ್ ಭಾಷಣಗಳಲ್ಲಿ ಬಾಟಾ ಹೆಸರಲ್ಲೇ ಒಂದು ಕಥೆ ಹೇಳ್ತಾರೆ, ನೀವೂ ಕೇಳಿರ್ತೀರಿ. ಇಬ್ಬರು ಸೇಲ್ಸ್‌ಮನ್‌ಗಳನ್ನ ಯಾವುದೋ ದೂರದ ದೇಶಕ್ಕೆ ಕಳಿಸ್ತಾರೆ. ಒಬ್ಬ, ಇಲ್ಲಿ ಯಾರೂ ಶೂ ಹಾಕಲ್ಲ, ವ್ಯಾಪಾರ ಆಗಲ್ಲ ಅಂತ ತಂತಿ ಕಳಿಸ್ತಾನೆ. ಇನ್ನೊಬ್ಬ, ಇಲ್ಲಿ ಯಾರಿಗೂ ಶೂ ಇಲ್ಲ, ಭಾರಿ ವ್ಯಾಪಾರ ಆಗತ್ತೆ ಅಂತಾನೆ. ಎಲ್ಲರೂ ಚಪ್ಪಾಳೆ. ಆ ಇಬ್ಬರೂ ನಮ್ಮೂರಿಗೆ ಬಂದಿದ್ದರೆ ಇಬ್ಬರ ಲೆಕ್ಕವೂ ತಪ್ಪುತ್ತಿತ್ತು. ನಮ್ಮ ಕೇರಿಯವರು ಬರಿಗಾಲಲ್ಲಿ ಇದ್ದದ್ದು ಚಪ್ಪಲಿ ಗೊತ್ತಿಲ್ಲದೆ ಅಲ್ಲ. ಊರಿಗೆಲ್ಲ ಚಪ್ಪಲಿ ಹೊಲಿದು ಕೊಡ್ತಿದ್ದವರೇ ನಾವು! ಹಾಕ್ಕೊಂಡು ಗೌಡರ ಓಣಿ ದಾಟೋ ಹಂಗಿರಲಿಲ್ಲ. ಕಂಕುಳಲ್ಲಿ ಇಟ್ಕೊಂಡು ದಾಟಬೇಕಿತ್ತು.

ನಮ್ಮಜ್ಜ ಕೆರ ಹೊಲೀತಿದ್ದ. ತಂಗಡಿ ತೊಗಟೆ ಕುಟ್ಟಿ ನೀರಿಗೆ ಹಾಕಿ ಅದರಲ್ಲಿ ಚರ್ಮ ನೆನೆಹಾಕಿ ಹದ ಮಾಡೋದು, ರಂಪಿಗೆಯಿಂದ ಅಟ್ಟೆ ಕೊಯ್ಯೋದು, ಉಳಿ ಹಾಕಿ ಹೊಲಿಯೋದು. ವಾಸನೆಗೆ ಜನ ಮೂಗು ಮುಚ್ಚಿಕೊಂಡು ಬರೋರು, ಕೆಲಸ ಮಾತ್ರ ಆಗಬೇಕು. ಚಪ್ಪಲಿ, ಮಿಣಿ, ಬಾರುಕೋಲು ಎಲ್ಲಕ್ಕೂ ಸುಗ್ಗಿಯಲ್ಲಿ ಒಂದಿಷ್ಟು ಜೋಳ ಆಯ ಅಂತ ಕೊಡೋರು. ರೇಟು ಕಟ್ಟೋ ಹಕ್ಕು ಹೊಲಿದವನಿಗೆ ಇರಲಿಲ್ಲ. ಬಾಟಾ ರೇಟು ಅಂತ ನಾವು ತಮಾಷೆ ಮಾಡ್ತೀವಲ್ಲ, ತೊಂಬತ್ತೊಂಬತ್ತು ರೂಪಾಯಿ ತೊಂಬತ್ತೈದು ಪೈಸೆ ಅಂತ? ಅಜ್ಜ ಅಂಥ ಒಂದು ಚೀಟಿ ಅಂಟಿಸಬೇಕಿತ್ತು ಅನ್ಸತ್ತೆ.

ಬಾಟಾದಂಥವರ ಯಂತ್ರ ಬಂದು ನಮ್ಮ ಕಸುಬು ಹಾಳಾಯ್ತು ಅಂತ ಕೆಲವರು ಮರುಗ್ತಾರೆ, ಅದರಲ್ಲೂ ಒಂದು ದಿನವೂ ಚರ್ಮ ಮುಟ್ಟದವರು. ಬಾಬಾಸಾಹೇಬರು ಯಂತ್ರವನ್ನ ಬೈದವರಲ್ಲ. ಕುಲಕಸುಬೇ ಚೆಂದ ಅಂದ ಗಾಂಧಿಗೂ ಅವರಿಗೂ ಇದ್ದ ಜಗಳದಲ್ಲಿ ಇದೂ ಒಂದು. ನನಗೆ ಅಜ್ಜನ ಕೆಲಸ ಹೋಗಿದ್ದಕ್ಕೆ ದುಃಖ ಇಲ್ಲ. ಕಸುಬು ಲಾಭ ತರೋ ಕಾಲ ಬಂದಾಗ ಅಂಗಡಿ ಬೇರೆಯವರದ್ದಾಯ್ತು, ಬಸ್ ಸ್ಟ್ಯಾಂಡ್ ಮುಂದಿನ ಛತ್ರಿ ಮಾತ್ರ ನಮಗೇ ಉಳೀತು. ಹೊಟ್ಟೆ ಉರಿಯೋದು ಅದಕ್ಕೆ.

ಹೈಸ್ಕೂಲಿಗೆ ಸೇರಿದಾಗ ಅಪ್ಪ ನನ್ನನ್ನ ಗುಲ್ಬರ್ಗಾದ ಬಾಟಾ ಅಂಗಡಿಗೆ ಕರ್ಕೊಂಡು ಹೋಗಿದ್ದ. ಬಾಗಿಲಲ್ಲೇ ಅಪ್ಪ ಚಪ್ಪಲಿ ಬಿಟ್ಟ. ಒಳಗಿದ್ದವರು, "ಯಜಮಾನ್ರೇ, ಹಾಕ್ಕೊಂಡೇ ಬರ್ರಿ" ಅಂದ್ರು. ನನ್ನನ್ನ ಕುರ್ಚಿ ಮೇಲೆ ಕೂರಿಸಿ, ಟೈ ಕಟ್ಟಿದ್ದ ಒಬ್ಬರು ನೆಲಕ್ಕೆ ಮೊಣಕಾಲೂರಿ, ನನ್ನ ಪಾದ ಕೈಯಲ್ಲಿ ಹಿಡಿದು ಅಳತೆ ತಗೊಂಡ್ರು. ನಂಬರ್ ಕೇಳಿದ್ರು, ಬೇರೇನೂ ಕೇಳಲಿಲ್ಲ. ಅಪ್ಪ ಹೊರಗೆ ಬಂದು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಾಲ್ ಮುಟ್ಟಿದ ನೋಡು" ಅಂದ. ಅದು ವ್ಯಾಪಾರ, ಪ್ರೀತಿ ಅಲ್ಲ, ಗೊತ್ತು. ಆದರೂ ಅಪ್ಪ ಅದನ್ನ ಸಾಯೋವರೆಗೂ ಹೇಳ್ತಿದ್ದ.

ಥಾಮಸ್ ಬಾಟಾನ ಹೆಂಡತಿ ಸೋನ್ಯಾ ಜಗತ್ತಿನ ಎಲ್ಲ ಕಡೆಯ ಪಾದರಕ್ಷೆ ಕೂಡಿಹಾಕಿ 1995ರಲ್ಲಿ ಟೊರೊಂಟೋದಲ್ಲಿ ಮ್ಯೂಸಿಯಂ ತೆರೆದರು. ಅದರಲ್ಲಿ ಹೈದರಾಬಾದಿನ ನಿಜಾಮ ಸಿಕಂದರ್ ಜಾನ ಜೋಡೂ ಇದೆ, ಚಿನ್ನ, ವಜ್ರ ಕೂರಿಸಿದ್ದು. 2006ರಲ್ಲಿ ಕಳುವಾಗಿ ದೊಡ್ಡ ಸುದ್ದಿಯಾಗಿ ಮತ್ತೆ ಸಿಕ್ತು. ನಮ್ಮ ಕಲಬುರಗಿ, ರಾಯಚೂರು ಸೀಮೆಯನ್ನೂ ಆಳಿದವನು ಅವನು. ಆ ಜೋಡಿಗೆ ಉಳಿದಿರೋದು ತೊಟ್ಟವನ ಹೆಸರು. ಹೊಲಿದವನ ಹೆಸರು ಉಳಿಸಿದ್ದು ನನಗೆ ತಿಳಿದಂತೆ ನಮ್ಮ ಶರಣರು ಮಾತ್ರ. ಬಸವಣ್ಣನಿಗೆ ಚಮ್ಮಾವುಗೆ ಮಾಡಿಕೊಟ್ಟ ಹರಳಯ್ಯ, ಕಲ್ಯಾಣಮ್ಮ ಇಬ್ಬರ ಹೆಸರೂ ನಮಗೆ ಗೊತ್ತು. ಆ ಹರಳಯ್ಯನನ್ನ ಏನು ಮಾಡಿದರು ಅನ್ನೋದೂ ಗೊತ್ತು.

ಥಾಮಸ್ ಬಾಟಾ 1990ರಲ್ಲಿ ತನ್ನ ಜೀವನಕಥೆ ಪ್ರಕಟಿಸಿದ. ಅದಕ್ಕಿಟ್ಟ ಹೆಸರಿನಲ್ಲಿ ತನ್ನನ್ನ ಜಗತ್ತಿಗೇ ಶೂ ಹೊಲಿಯೋನು ಅಂತ ಕರ್ಕೊಂಡಿದಾನೆ. ಉದ್ಯಮಿ ಅಂತ ಅಲ್ಲ, ಮಾಲೀಕ ಅಂತ ಅಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದ ಟೇಬಲ್ಲಿನವರು ನಿಮ್ಮ ಹಿರೀಕರದ್ದು ಏನು ಕೆಲಸ ಅಂದಾಗ "ಒಕ್ಕಲುತನ" ಅಂದಿದ್ದೆ. ನಮಗೆ ಗೇಣು ಹೊಲ ಇರಲಿಲ್ಲ. ಕೋಟಿಗಟ್ಟಲೆ ದುಡ್ಡಿರೋನು ಶೂ ಹೊಲಿಯೋನು ಅಂದ್ರೆ ಚೆಂದ ಕಾಣತ್ತೆ, ನಾನಂದ್ರೆ ಬಾಡಿಗೆ ಮನೆ ಸಿಗಲ್ಲ, ಇದೂ ನಿಜ. ಆದರೂ ಆ ಸುಳ್ಳು ಇಪ್ಪತ್ತು ವರ್ಷ ನನ್ನ ಜೊತೆ ಓಡಾಡ್ತು. ಜೈ ಭೀಮ್ ಅಂತ ಬೀದೀಲಿ ಕೂಗೋನು ನಾನೇ, ಅದೂ ನಾನೇ.

ಇವತ್ತು ಧ್ವಜದ ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡೀತಾ ನಿಂತಾಗ, ಹೊಸದಾಗಿ ಬಂದಿರೋ ಹುಡುಗ ಕೇಳಿದ, "ಸರ್, ನಿಮ್ಮ ಅಜ್ಜಾರು ನಿಜಾಮನ ಕಾಲದಾಗ ಏನ್ ಮಾಡ್ತಿದ್ರಿ?" ಕೆರ ಹೊಲೀತಿದ್ರು ಅಂದೆ. "ಹೌದ್ರಿ ಸರ್?" ಅಂದ. ಆಮೇಲೆ ಚರ್ಮ ಹೆಂಗ ಹದ ಮಾಡ್ತಿದ್ರು ಅಂತ ಕೇಳಿದ. ತಂಗಡಿ ತೊಗಟೆ ವಿಷಯ ಹೇಳೋಷ್ಟರಲ್ಲಿ ಚಹಾ ಆರಿಹೋಗಿತ್ತು.