ಗ್ಲೋರಾಂತಾದ ದೇವತೆಗಳು

ಅಮೆರಿಕದ ಗ್ರೆಗ್ ಸ್ಟಾಫರ್ಡ್ (1948–2018) ಕಟ್ಟಿದ ಕಾಲ್ಪನಿಕ ಜಗತ್ತು ಗ್ಲೋರಾಂತಾ. ರೂನ್‌ಕ್ವೆಸ್ಟ್ ಎಂಬ ರೋಲ್‌ಪ್ಲೇಯಿಂಗ್ ಆಟ ನಡೆಯುವುದು ಇಲ್ಲಿಯೇ. ವಿಸ್ಕಾನ್ಸಿನ್‌ನ ಬೆಲಾಯ್ಟ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ, 1966ರಲ್ಲಿ, ಸ್ಟಾಫರ್ಡ್ ಇದರ ಕಥೆಗಳನ್ನು ಬರೆಯತೊಡಗಿದರು. 1975ರಲ್ಲಿ ತಮ್ಮ ಕೇಯಾಸಿಯಂ ಸಂಸ್ಥೆಯಿಂದ ಇದನ್ನಾಧರಿಸಿದ ಯುದ್ಧದಾಟವೊಂದನ್ನು ತಂದರು. ರೂನ್‌ಕ್ವೆಸ್ಟ್ ಬಂದದ್ದು 1978ರಲ್ಲಿ.

ಆ ಕಾಲದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ನಿಜವಾದ ಧರ್ಮಗಳ ದೇವತೆಗಳನ್ನೇ ಎರವಲು ಪಡೆದಿತ್ತು. ಅದರ 1976ರ ಅನುಬಂಧದಲ್ಲೂ 1980ರ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಪುಸ್ತಕದಲ್ಲೂ ಗ್ರೀಕ್, ಈಜಿಪ್ಟ್ ದೇವತೆಗಳ ಜೊತೆ ನಮ್ಮ ಇಂದ್ರ, ಅಗ್ನಿಯರೂ ಇದ್ದಾರೆ, ಪ್ರಾಣಬಲದ ಅಂಕಿಗಳ ಸಮೇತ. ದೇವರ ಪ್ರಾಣಕ್ಕೆ ಲೆಕ್ಕ ಬರೆದಿಟ್ಟ ಮೇಲೆ ಆತನನ್ನು ಕೊಲ್ಲಲು ಆಟಗಾರರು ಹೊರಟರೆ ಅಚ್ಚರಿಯೇನು?

ಸ್ಟಾಫರ್ಡ್ ಹಿಡಿದ ದಾರಿ ಬೇರೆ. ಪುರಾಣಗಳ ಗಂಭೀರ ಓದುಗರಾಗಿದ್ದ ಅವರು ದೇವತೆಗಳ ಹೆಸರಿಗಿಂತ ಮತಾಚರಣೆ ನಡೆಯುವ ಬಗೆಯನ್ನು ಎರವಲು ತಂದರು. 1979ರ ‘ಕಲ್ಟ್ಸ್ ಆಫ್ ಪ್ರಾಕ್ಸ್’ ಒಂದೊಂದು ದೇವತೆಗೂ ಪುರಾಣ, ದೀಕ್ಷೆ, ಅರ್ಚಕರ ಅರ್ಹತೆ, ಕಾಣಿಕೆ, ನಿಷೇಧಗಳನ್ನು ವಿವರಿಸುತ್ತದೆ. ಚಲಾನಾ ಅರಾಯ್ ಶಮನದ ದೇವತೆ; ದೀಕ್ಷೆ ಪಡೆದವರಿಗೆ ಅಹಿಂಸೆಯ ವ್ರತ, ಅವರಲ್ಲಿ ಹಿರಿಯರಿಗೆ ಸತ್ತವರನ್ನು ಬದುಕಿಸುವ ಶಕ್ತಿ. ಹುಮಾಕ್ಟ್ ಮೃತ್ಯುವಿನ ದೇವತೆ. ಅವನ ದೀಕ್ಷಿತರು ಸತ್ತರೆ ಮತ್ತೆ ಬದುಕಿ ಬರುವಂತಿಲ್ಲ. ಈ ಇಬ್ಬರ ದೀಕ್ಷಿತರೂ ಒಂದೇ ತಂಡದಲ್ಲಿದ್ದಾಗ ನಿಷೇಧವೇ ಕಥೆಯಾಗುತ್ತದೆ.

ಗ್ಲೋರಾಂತಾದ ನಡುವಿನ ಪುರಾಣ ಒಂದು ಕೊಲೆಯದು. ಬಿರುಗಾಳಿಯ ದೇವತೆ ಓರ್ಲಾಂತ್ ಸೂರ್ಯಚಕ್ರವರ್ತಿ ಯೆಲ್ಮ್‌ನನ್ನು ಕೊಲ್ಲುತ್ತಾನೆ. ಲೋಕಕ್ಕೆ ಕತ್ತಲು ಕವಿಯುತ್ತದೆ. ತಪ್ಪನ್ನು ತಿದ್ದಲು ಸಂಗಡಿಗರೊಂದಿಗೆ ಪಾತಾಳಕ್ಕಿಳಿದು ಸೂರ್ಯನನ್ನು ಮರಳಿ ತರುತ್ತಾನೆ. ವೃತ್ರನನ್ನು ಕೊಂದು ಬ್ರಹ್ಮಹತ್ಯೆ ಹೊತ್ತ ಇಂದ್ರ ಕನ್ನಡ ಓದುಗರಿಗೆ ನೆನಪಾದರೆ ಸಹಜ, ಹಾಗೆಂದು ಇದು ಅದರ ನಕಲಲ್ಲ. ಸೂರ್ಯಾರಾಧಕರ ಬಾಯಲ್ಲಿ ಇದೇ ಕಥೆಯ ಓರ್ಲಾಂತ್ ಬರೀ ದಂಗೆಕೋರ. ಯಾರ ಪಾಠ ಸರಿಯೆಂದು ಆಟ ತೀರ್ಪು ಕೊಡುವುದಿಲ್ಲ. ವಿಧಿಪೂರ್ವಕವಾಗಿ ಪುರಾಣದೊಳಗೆ ಹೊಕ್ಕು ದೇವತೆಯ ಕಾರ್ಯವನ್ನು ತಾನೇ ಮಾಡಿ ಬರುವುದಕ್ಕೆ ಇಲ್ಲಿ ಹೀರೋಕ್ವೆಸ್ಟ್ ಎಂಬ ಹೆಸರಿದೆ. 1999ರ ‘ಕಿಂಗ್ ಆಫ್ ಡ್ರ್ಯಾಗನ್ ಪಾಸ್’ ಕಂಪ್ಯೂಟರ್ ಆಟದಲ್ಲೂ ಅದೇ ಮುಖ್ಯ.

ಎಲ್ಲ ಪುರಾಣಗಳ ಕೆಳಗೆ ಇರುವುದು ಒಂದೇ ಕಥೆ ಎನ್ನುವ ವಿದ್ವಾಂಸರನ್ನೂ ಸ್ಟಾಫರ್ಡ್ ಈ ಜಗತ್ತಿನೊಳಗೆ ಎಳೆದು ತಂದಿದ್ದಾರೆ. ಗಾಡ್ ಲರ್ನರ್ಸ್ ಎಂಬ ಈ ಪಂಡಿತವರ್ಗ, ಎರಡು ನಾಡುಗಳ ಭೂದೇವಿಯರು ಒಂದೇ ಎಂದು ಸಾಧಿಸಲು ಅವರನ್ನು ಅದಲುಬದಲು ಮಾಡಿತು. ಬೆಳೆ ಕೈಕೊಟ್ಟಿತು. ಕೊನೆಗೆ ಆ ಪಂಡಿತರ ಸಾಮ್ರಾಜ್ಯವೂ ಉಳಿಯಲಿಲ್ಲ.