ಸುತ್ತಿಗೆಯ ಗುರುತುಳ್ಳ ತಾಮ್ರದ ದೀಪಗಳು

ಪರಮಪ್ರಸಾದದ ಮುಂದೆ ಉರಿಯುವ ದೀಪವನ್ನು ಕಂಡು ಮೊಣಕಾಲೂರುವ ನಾವು, ಅದನ್ನು ಮಾಡಿದ ಕೈ ಯಾವುದೆಂದು ವಿಚಾರಿಸುವುದು ಅಪರೂಪ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದನ್ನು ವಿಚಾರಿಸಿದವರಲ್ಲಿ ಕಥೋಲಿಕರೊಬ್ಬರಿದ್ದರು. 1835ರಲ್ಲಿ ಧರ್ಮಸಭೆಯನ್ನು ಸೇರಿದ ವಾಸ್ತುಶಿಲ್ಪಿ ಪ್ಯೂಜಿನ್ ಹುಸಿ ಅಲಂಕಾರವನ್ನು ಖಂಡಿಸಿದರು. ಬರ್ಮಿಂಗ್‌ಹ್ಯಾಮಿನಲ್ಲಿ ಗುಂಡಿಗಳನ್ನು ತಯಾರಿಸುತ್ತಿದ್ದ ಕಥೋಲಿಕ ಜಾನ್ ಹಾರ್ಡ್‌ಮನ್ ಅವರು 1838ರಿಂದ ಪ್ಯೂಜಿನ್ನರ ನಕ್ಷೆಯಂತೆ ದೇವಾಲಯದ ಲೋಹಸಾಮಗ್ರಿಗಳನ್ನು ಮಾಡತೊಡಗಿದರು. ಆ ವಿಚಾರವೇ ಮುಂದೆ ರಸ್ಕಿನ್, ವಿಲಿಯಂ ಮಾರಿಸ್ ಇವರ ಕಾಲದಲ್ಲಿ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿಗೆ ದಾರಿಮಾಡಿತು. ರಸ್ಕಿನ್ನರು ಪ್ಯೂಜಿನ್ನರ ಋಣವನ್ನು ಒಪ್ಪಲಿಲ್ಲವೆಂಬುದು ಬೇರೆ ಮಾತು.

ಚಳವಳಿಯ ತಾಮ್ರದ ದೀಪಗಳಲ್ಲಿ ಸಂಗ್ರಾಹಕರು ಬಹುವಾಗಿ ಅರಸುವವು ಅಮೆರಿಕದ ಡರ್ಕ್ ವಾನ್ ಎರ್ಪ್ ಅವರವು. ಹಾಲೆಂಡಿನಲ್ಲಿ ಹುಟ್ಟಿದ ಇವರು ಕ್ಯಾಲಿಫೋರ್ನಿಯದ ನೌಕಾಂಗಣದಲ್ಲಿ ದುಡಿಯುತ್ತ, ಬಳಸಿ ಬಿಸುಟ ಫಿರಂಗಿ ಗುಂಡುಗಳ ಹಿತ್ತಾಳೆ ಕವಚಗಳನ್ನು ಬಡಿದು ಹೂದಾನಿಗಳನ್ನು ಮಾಡಿದರು. ಯುದ್ಧದ ಲೋಹ ಹೂವಿಗೆ ಆಶ್ರಯವಾಯಿತು! 1908ರಲ್ಲಿ ಓಕ್‌ಲ್ಯಾಂಡಿನಲ್ಲಿ ಅಂಗಡಿ ತೆರೆದು, 1910ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಅವರ ದೀಪಗಳ ತಾಮ್ರದ ಬುಡದಲ್ಲಿ ಸುತ್ತಿಗೆಯ ಏಟುಗಳು ಕಾಣುತ್ತವೆ, ಕೀಲುಗಳನ್ನು ಮರೆಮಾಡಿಲ್ಲ, ಮೇಲಿನ ಮುಸುಕು ಅಭ್ರಕದ್ದು. ಒಳಗೆ ದೀಪ ಹೊತ್ತಿದಾಗ ಅದು ಜೇನಿನ ಬಣ್ಣದ ಬೆಳಕನ್ನು ಸೂಸುತ್ತದೆ. ಬುಡದಡಿ ಗಾಳಿಯಂತ್ರದ ಮುದ್ರೆಯಿರುತ್ತದೆ. ಡಾರ್ಸಿ ಗಾ ಎಂಬ ಕಲಾವಿದೆ ಅಲ್ಪಕಾಲ ಪಾಲುದಾರರಾಗಿದ್ದುದರಿಂದ, ಇಬ್ಬರ ಹೆಸರೂ ಇರುವ ಮುದ್ರೆ ವಿರಳ.

ವಾನ್ ಎರ್ಪ್ 1933ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಈ ಶೈಲಿ ಹಳತೆನಿಸಿತ್ತು. 1972ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಕಲಾಸಂಗ್ರಹಾಲಯ ಏರ್ಪಡಿಸಿದ ಪ್ರದರ್ಶನದ ತರುವಾಯ ಸಂಗ್ರಾಹಕರ ಗಮನ ಮತ್ತೆ ಇತ್ತ ತಿರುಗಿತು.

ಇಂಥ ದೀಪದ ವಿಷಯದಲ್ಲಿ ಸಂಗ್ರಾಹಕರು ಅಂಜುವುದು ಕಳ್ಳರಿಗಿಂತ ಹೆಚ್ಚಾಗಿ, ಉಜ್ಜಿ ಬೆಳಗುವ ಕೈಗಳಿಗೆ. ನಮ್ಮ ಮನೆಗಳಲ್ಲಿ ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ತಿಕ್ಕುವುದು ಒಳ್ಳೆಯ ರೂಢಿಯೇ. ಆದರೆ ಈ ದೀಪಗಳ ಮೇಲಿನ ಕಂದು ಬಣ್ಣ ಕೊಳೆಯಲ್ಲ, ಕುಶಲಕರ್ಮಿಯೇ ಬರಿಸಿದ್ದು, ಕಾಲ ಅದನ್ನು ಮಾಗಿಸಿದ್ದು. ಒಮ್ಮೆ ಉಜ್ಜಿದರೆ ಅದು ಹೋಯಿತು. ಬೆಲೆಯೂ ಬಹುಪಾಲು ಹೋಯಿತು.

ದೇವಾಲಯದ ಹಳೆಯ ಸಾಮಗ್ರಿಗಳ ಮಾತು ಬೇರೆ. ಅವು ಸಂಗ್ರಾಹಕನ ಸೊತ್ತಾಗಬೇಕಾದವಲ್ಲ. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯನ್ನು ಕುರಿತ ತನ್ನ ಸಂವಿಧಾನದಲ್ಲಿ, ಬೆಲೆಯುಳ್ಳ ಪೂಜಾಸಾಮಗ್ರಿಗಳು ಪರರ ಪಾಲಾಗದಂತೆ ಧರ್ಮಾಧ್ಯಕ್ಷರು ಎಚ್ಚರ ವಹಿಸಬೇಕೆಂದು ವಿಧಿಸಿತು. ಆದುದರಿಂದ ಪೂಜಾಸಾಮಗ್ರಿಯ ಕೋಣೆಯ ಮೂಲೆಯಲ್ಲಿ ಕಪ್ಪಿಟ್ಟ ತೂಗುದೀಪವಿದ್ದರೆ, ಗುಜರಿಯವನನ್ನು ಕರೆಯುವ ಮುನ್ನ, ಹುಣಸೆಹಣ್ಣನ್ನು ನೆನೆಹಾಕುವ ಮುನ್ನ, ಅದನ್ನು ಮೆಲ್ಲನೆ ಮಗುಚಿ ಬುಡದ ಮುದ್ರೆಯನ್ನು ನೋಡಿರಿ.